ಟರ್ನರ್ ಮಹೇಶ್ವರಪ್ಪನವರ ಕೇಕು

ಮಹೇಶ್ವರಪ್ಪನವರು ಕೇಕನ್ನು ಮೇಲಿನಿಂದ ನೋಡುತ್ತಿರಲಿಲ್ಲ. ನೆಲಕ್ಕೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಟೇಬಲ್ಲಿನ ಮಟ್ಟಕ್ಕೆ ತಂದು ಅಡ್ಡಡ್ಡಲಾಗಿ ನೋಡುತ್ತಿದ್ದರು. "ಈ ಕಡೆ ಒಂದ್ ಕೂದ್ಲೆಳಿ ಜಾಸ್ತಿ ಐತ್ರಿ ಮೇಡಮ್" ಎನ್ನುತ್ತಿದ್ದರು. ನನ್ನ ಕಣ್ಣಿಗೆ ಕಾಣದ ಆ ಕೂದಲೆಳೆಯನ್ನು ಚಾಕುವಿನಿಂದ ಹೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿ ಗುಡ್ಡೆ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಅಂಗೈಯ ಗೆರೆಗಳಲ್ಲಿ ಮಷೀನ್ ಎಣ್ಣೆಯ ಕಪ್ಪು ಖಾಯಂ ಆಗಿ ಕುಳಿತಿತ್ತು. ಕಾನ್ವೆಂಟಿನಲ್ಲಿ ಕಲಿತ ನನ್ನ ಶಿಸ್ತು ಅದನ್ನು ಸಹಿಸಲಿಲ್ಲ; ಮೊದಲ ದಿನ ಮೂರು ಸಲ ಕೈ ತೊಳೆಯಲು ಕಳಿಸಿದೆ. ಮೂರನೇ ಸಲ ಬಂದವರು ಸ್ಕೂಲಿನ ಹುಡುಗರ ಹಾಗೆ ಎರಡೂ ಕೈ ಮುಂದೆ ಚಾಚಿ, ತಿರುಗಿಸಿ ತೋರಿಸಿ, "ಹೊಲಸಲ್ರಿ ಇದು. ಹದಿನಾಕು ವರ್ಷದ್ದು, ಹೋಗಂಗಿಲ್ಲ" ಎಂದರು. ಇವತ್ತಿಗೂ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಆಗ ನಾವು ಬಾಗಲಗುಂಟೆಯಲ್ಲಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಆಫೀಸರ್. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ವಾರವೆಲ್ಲ ಅವರ ಸೇವೆಯಲ್ಲಿ ಮುಗಿದು ಉಳಿಯುತ್ತಿದ್ದ ಭಾನುವಾರದ ಮಧ್ಯಾಹ್ನ ಎರಡು ಗಂಟೆ ಕಾಲ ನಾಲ್ಕೈದು ಹೆಂಗಸರಿಗೆ ಕೇಕ್ ಮತ್ತು ಐಸಿಂಗ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ಕಾನ್ವೆಂಟಿನ ನಮ್ಮ ನನ್‌ಗಳು ಕಲಿಸಿದ್ದ ವಿದ್ಯೆ. ಅದು ನನಗೆ ಹವ್ಯಾಸವಾಗಿರಲಿಲ್ಲ, ಬ್ರೀದಿಂಗ್ ಸ್ಪೇಸ್ ಆಗಿತ್ತು.

ಮಹೇಶ್ವರಪ್ಪನವರು ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಲೋಹ ಕಡೆಯುವ ಟರ್ನರ್. ನಮ್ಮ ಹಿಂದಿನ ಬೀದಿಯಲ್ಲಿ ಶೀಟಿನ ಒಂದು ಕೋಣೆಯ ಮನೆ. ಊರು ರಾಣೆಬೆನ್ನೂರು ಕಡೆ. ಹೆಂಡತಿ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷ. ಒಬ್ಬಳೇ ಮಗಳು ಗಿರಿಜಾಳನ್ನು ಅಜ್ಜಿ, ಅಂದರೆ ಇವರ ಅತ್ತೆ, ರಾಣೆಬೆನ್ನೂರಿಗೆ ಕರೆದುಕೊಂಡು ಹೋಗಿದ್ದರು. ಗಂಡಸು, ಅದರಲ್ಲೂ ಶಿಫ್ಟ್ ಮಾಡುವ ಗಂಡಸು, ಹೆಣ್ಣುಮಗುವನ್ನು ಏನು ಸಾಕಿಯಾನು ಎಂಬುದು ಆಕೆಯ ವಾದ. ಬೇಸಿಗೆ ರಜಕ್ಕೆ ಒಂದು ತಿಂಗಳು ಕಳಿಸುತ್ತೇನೆ, ಮೇ ತಿಂಗಳಲ್ಲಿ ಅವಳ ಹುಟ್ಟಿದ ದಿನಕ್ಕೆ ನಾನೇ ಬಂದು ನೋಡುತ್ತೇನೆ, ಮನೆ ಮನೆಯ ಹಾಗಿದ್ದರೆ ಬಿಟ್ಟು ಹೋಗುತ್ತೇನೆ, ಇಲ್ಲದಿದ್ದರೆ ಇನ್ನು ಈ ಮಾತು ಎತ್ತಬಾರದು ಎಂದು ಹೇಳಿ ಕಳಿಸಿದ್ದರು. ಎಂಟು ವರ್ಷದ ಮಗಳು ಕಾಗದದಲ್ಲಿ ಬರೆದದ್ದು ಒಂದೇ ಬೇಡಿಕೆ: ಗುಲಾಬಿ ಹೂವಿರುವ ಕೇಕು.

ಅದನ್ನು ಕಲಿಸಿಕೊಡಿ ಎಂದು ನನ್ನಲ್ಲಿಗೆ ಬಂದಾಗ, ಬೇಕರಿಯಲ್ಲಿ ತರಬಹುದಲ್ಲ ಎಂದೆ. ತಮ್ಮ ಅತ್ತೆ ಲಿಂಗ ಕಟ್ಟಿದವರು, ಮೊಟ್ಟೆ ಹಾಕಿದ್ದು ಹೊಸ್ತಿಲು ದಾಟುವಂತಿಲ್ಲ ಎಂದರು. ಮಗಳ ಕಾಗದವನ್ನು ಮಡಿಚಿ ಕಿಸೆಗಿಡುತ್ತ, "ಅಂಗಡೀದು ಯಾರರ ತರ್ತಾರ್ರಿ. ನಾ ಮಾಡಿದ್ದು ಅಕಿ ಮುಂದ ಇಡಬೇಕು" ಎಂದರು.

ನಮ್ಮ ಕ್ಲಾಸಿನ ಹೆಂಗಸರು ಸೆರಗು ಸರಿಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ಮನೆಯ ವನಜಾ ಮೆಲ್ಲಗೆ, "ಆಂಟಿ, ಇನ್ಮೇಲೆ ನಮ್ಮನೆಯವ್ರನ್ನೂ ಕಳಿಸ್ತೀನಿ, ಕಾಫಿ ಕಲ್ಸೋದಾದ್ರೂ ಕಲೀಲಿ" ಅಂದಳು. ಮಹೇಶ್ವರಪ್ಪನವರಿಗೂ ಕೇಳಿಸಿತು, ನಕ್ಕರು. ಆದರೆ ಒಳಗೆ ಬರಲೊಪ್ಪದೆ ವರಾಂಡದಲ್ಲಿ ಕಿಟಕಿಯಾಚೆ ಸ್ಟೂಲ್ ಹಾಕಿಕೊಂಡು ಕುಳಿತರು. ಕಾರ್ಖಾನೆಯ ಹಳೆಯ ಜಾಬ್ ಕಾರ್ಡುಗಳ ಹಿಂಬದಿಯಲ್ಲಿ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮೈದಾ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್, ಸೋಡಾ, ಎಲ್ಲದಕ್ಕೂ ಅಳತೆ ಬೇಕು. "ಹಗುರವಾಗಿ ಕಲಸಿ" ಎಂದರೆ ಪೆನ್ನು ನಿಲ್ಲುತ್ತಿತ್ತು. "ಹಗುರ ಅಂದ್ರ ಎಷ್ಟ್ರಿ?" ಐ ಮಸ್ಟ್ ಸೇ, ಕೇಕು ಮಾಡುತ್ತ ಬಂದ ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ.

ಅವರ ಮನೆಯಲ್ಲಿ ಅವನ್ ಇರಲಿಲ್ಲ. ಕುಕ್ಕರಿನ ತಳಕ್ಕೆ ಮರಳು ಹಾಕಿ, ವೆಯ್ಟ್ ಮತ್ತು ರಬ್ಬರ್ ತೆಗೆದು, ಒಳಗೆ ಕೇಕಿನ ಡಬ್ಬಿ ಇಡುವ ಪದ್ಧತಿ ಹೇಳಿಕೊಟ್ಟೆ. ಮುಂದಿನ ಭಾನುವಾರ ಒಂದು ಡಬ್ಬಿ ತಂದರು. ನಡುವೆ ತಟ್ಟೆಯ ಹಾಗೆ ಕುಸಿದ ಕೇಕು. ಅದರ ಮುಂದಿನ ವಾರವೂ ಅದೇ. ಮೂರನೆಯ ವಾರ ನಾನೇ ಹೋಗಿ ಅವರ ಒಲೆಯ ಪಕ್ಕ ನಿಂತೆ. ಐದು ನಿಮಿಷವಾಗಿರಬೇಕು, ಕುಕ್ಕರಿನ ಮುಚ್ಚಳ ಎತ್ತಿ, ಸ್ಟೀಲಿನ ಅಳತೆಪಟ್ಟಿಯನ್ನು ಒಳಗಿಳಿಸಿ ಕೇಕು ಎಷ್ಟು ಎದ್ದಿದೆ ಎಂದು ನೋಡಿದರು. ಮತ್ತೆ ಐದು ನಿಮಿಷಕ್ಕೆ ಇನ್ನೊಮ್ಮೆ. ಕಾವೆಲ್ಲ ಹೊರಗೆ! ಬೈದೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಲೇತ್ ಮೇಲಿನ ಕೆಲಸವನ್ನು ನಡುನಡುವೆ ನಿಲ್ಲಿಸಿ ಅಳೆಯದವನು ಟರ್ನರೇ ಅಲ್ಲವಂತೆ.

"ನಡುವೆ ಗೇಜ್ ಹಾಕ್ದ ಹೆಂಗ್ ಬಿಡೋದ್ರಿ? ಕೆಟ್ರ ಗೊತ್ತಾಗೋದ್ ಹೆಂಗ?"

"ಗೊತ್ತಾಗಲ್ಲ ಕಣ್ರೀ. ಮುಕ್ಕಾಲು ಗಂಟೆ ಕೈ ಕಟ್ಟಿಕೊಂಡು ಕೂತಿರ್ಬೇಕು" ಎಂದೆ.

ಆ ಮುಕ್ಕಾಲು ಗಂಟೆ ಅವರು ಕೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡು ಕುಳಿತರು. ನೈಟ್ ಶಿಫ್ಟ್ ಮುಗಿಸಿ ಬಂದಿದ್ದ ಕೆಂಪು ಕಣ್ಣುಗಳು ಕುಕ್ಕರನ್ನೇ ನೋಡುತ್ತಿದ್ದವು. ಕೇಕು ಎದ್ದಿತು. ಆದರೆ ಅದನ್ನು ನೋಡುವ ಹೊತ್ತಿಗೆ ಅವರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ನಾನೇ ಇಳಿಸಿಟ್ಟು ಬಂದೆ.

ಗುಲಾಬಿಗಳ ವಿಷಯದಲ್ಲಿ ಮಾತ್ರ ಅವರು ನನ್ನ ಗುರುವಾದರು. ಕ್ರೀಮ್ ಹಿಂಡುವ ನನ್ನ ಸವೆದ ತಗಡಿನ ನಾಜಲನ್ನು ಒಂದು ಸಲ ನೋಡಿ, ಹಿತ್ತಾಳೆಯಲ್ಲಿ ಹೊಸದನ್ನು ಕಡೆದು ತಂದರು. ಅದರ ಬಾಯಿ ಎಷ್ಟು ನಯವೆಂದರೆ ಕ್ರೀಮಿನ ಅಂಚು ಒಂದಿಷ್ಟೂ ಹರಿಯುತ್ತಿರಲಿಲ್ಲ. ಅಗಲ ತಲೆಯ ಒಂದು ಬೋಲ್ಟನ್ನು ಎಡಗೈ ಬೆರಳುಗಳಲ್ಲಿ ಒಂದೇ ವೇಗದಲ್ಲಿ ತಿರುಗಿಸುತ್ತ, ಬಲಗೈಯಲ್ಲಿ ಅದರ ತಲೆಯ ಮೇಲೆ ಬೆಣ್ಣೆ ಕ್ರೀಮಿನ ದಳಗಳನ್ನು ಒಂದರ ಮೇಲೊಂದು ಸುತ್ತುತ್ತಿದ್ದರು. ನಮ್ಮ ಹೆಂಗಸರು ತಮ್ಮ ಕೆಲಸ ಬಿಟ್ಟು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ವನಜಾಳ ತಮಾಷೆ ನಿಂತುಹೋಗಿತ್ತು.

ಹುಟ್ಟಿದ ದಿನ ನನ್ನನ್ನೂ ಕರೆದಿದ್ದರು. ಮೇ ತಿಂಗಳ ಶೀಟಿನ ಮನೆ, ಒಳಗೆ ಕಾದ ಬಾಣಲೆ. ಜ್ಯೂಸ್ ಅಂಗಡಿಯಿಂದ ಐಸ್‌ಗಡ್ಡೆ ತಂದು ಟಬ್ಬಿನಲ್ಲಿಟ್ಟು, ಮೇಲೆ ತಟ್ಟೆ, ತಟ್ಟೆಯ ಮೇಲೆ ಕೇಕು. ಐದು ಗುಲಾಬಿ, ನಡುವೆ ಗಿರಿಜಾ ಎಂಬ ಹೆಸರು. ಅಜ್ಜಿ ಕೇಕಿನ ಹತ್ತಿರ ಬಗ್ಗಿ ಮೂಸಿ ನೋಡಿದರು. ಮೇಣದ ಬತ್ತಿ ಇರಲಿಲ್ಲ, ದೀಪ ಊದಿ ಆರಿಸುವ ಮಾತೇ ಆ ಮನೆಯಲ್ಲಿಲ್ಲ. ಮಗುವಿನ ಕೈಗೆ ಚಾಕು ಕೊಟ್ಟಾಗ ಅಜ್ಜಿ, "ಕೂಸಿನ ಹೆಸರಿನ ಮ್ಯಾಲೆ ಚಾಕು ಆಡಿಸಬ್ಯಾಡ್ರಿ" ಎಂದರು. ಮಹೇಶ್ವರಪ್ಪನವರು ಮಂಡಿಯೂರಿದರು. ಹೆಸರಿನ ಸುತ್ತ ನಾಲ್ಕು ನೇರ ಗೀಟು ಕೊಯ್ದು, ಒಂದಕ್ಷರವೂ ಮುಕ್ಕಾಗದ ಹಾಗೆ ಇಡೀ ತುಂಡನ್ನು ಎತ್ತಿ ಮಗಳ ತಟ್ಟೆಯಲ್ಲಿಟ್ಟರು. ಅವಳು ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದೊಂದಾಗಿ ನೆಕ್ಕುತ್ತ ಬಂದಳು.

ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು. ಕೇಕು ತಿಂದರು. ಕೈ ತೊಳೆದು ಬಂದು, "ಇರ್ಲಿ ಬಿಡಪ್ಪಾ. ಕೂಸು ಇಲ್ಲೇ ಇರ್ಲಿ" ಎಂದರು.

ಅದೇ ಮಾತಿಗಾಗಿ ಮೂರು ತಿಂಗಳು ನಿದ್ದೆ ಬಿಟ್ಟ ಮನುಷ್ಯ ತಲೆ ಎತ್ತಲಿಲ್ಲ. "ಬ್ಯಾಡ್ರಿ ಅತ್ತೀ. ಕರ್ಕೊಂಡ್ ಹೋಗ್ರಿ" ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ಮಗಳು ರಜಕ್ಕೆ ಬಂದ ಮೇಲೆ, ಫಸ್ಟ್ ಶಿಫ್ಟ್ ಇದ್ದ ವಾರ ಬೆಳಿಗ್ಗೆ ಐದೂವರೆಗೆ ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಿದ್ದರಂತೆ. ಊಟವನ್ನು ಪಕ್ಕದವರು ಕಿಟಕಿಯಿಂದ ಕೊಟ್ಟಿದ್ದರು. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ, ಬಾಗಿಲಿಗೇ ಆತು ಕುಳಿತಿದ್ದ ಮಗು ಹೊರಗೆ ಉರುಳಿತಂತೆ. ಆರು ದಿನವೂ ಹಾಗೆಯೇ. "ಕೇಕು ವರ್ಷಕ್ಕ ಒಂದ್ ದಿನದ್ದು. ಉಳಿದ ದಿನಕ್ಕ ನನ್ನ ಹತ್ರ ಏನೂ ಇಲ್ರಿ."

ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತಿದ್ದೆ. ನಮ್ಮ ಮನೆ ಒಂದು ಬೀದಿಯಾಚೆ. ಶಿಫ್ಟಿನ ಹೊತ್ತಿನಲ್ಲಿ ನಮ್ಮಲ್ಲಿರಲಿ ಎನ್ನುವ ಮಾತು ಬಾಯಿಯ ತನಕ ಬಂತು. ನನ್ನ ಅತ್ತೆಯ ಬೆಡ್‌ಪ್ಯಾನ್, ಗಂಡನ ಮುಖ, ನನ್ನ ಎರಡೇ ಗಂಟೆಯ ಭಾನುವಾರ ಕಣ್ಣ ಮುಂದೆ ಬಂದವು. ನಾನು ಕೇಕಿನ ತುಂಡನ್ನು ಮುಗಿಸಿದೆ. ಇಟ್ ವಾಸ್ ಅ ವೆರಿ ಗುಡ್ ಕೇಕ್.

ಗಿರಿಜಾ ಮರುದಿನ ಅಜ್ಜಿಯ ಜೊತೆ ಹೋದಳು. ಆಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ ಅವರು ತುಮಕೂರು ರಸ್ತೆಯಲ್ಲಿ ಬಸ್ ಹತ್ತಿ, ತಗಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ರಾಣೆಬೆನ್ನೂರಿಗೆ ಹೋಗಿಬರುತ್ತಿದ್ದರು. ಬಂದು ಹೇಳುತ್ತಿದ್ದುದು ಕೇಕಿನ ಸುದ್ದಿ ಮಾತ್ರ: ಎಷ್ಟು ಗುಲಾಬಿ ಉಳಿದವು, ಎಷ್ಟು ಕರಗಿದವು. ಮಗಳ ಬಗ್ಗೆ ನಾನು ಕೇಳುತ್ತಿರಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಕೊನೆಯ ಸಲ ಬಂದದ್ದು ಆ ದಶಕ ಮುಗಿಯುವ ಹೊತ್ತಿಗೆ. ಕಾರ್ಖಾನೆಯಲ್ಲಿ ವಿಆರ್‌ಎಸ್ ಕೊಟ್ಟು ಅವಧಿಗೆ ಮೊದಲೇ ನಿವೃತ್ತಿ ಮಾಡಿಸಿದ್ದರು. ಕೂದಲು ಪೂರ್ತಿ ನರೆತಿತ್ತು. ಊರಿಗೆ ಹೊರಟಿದ್ದೇನೆ, ಹೇಳಿ ಹೋಗೋಣವೆಂದು ಬಂದೆ ಎಂದರು. ಗಿರಿಜಾ ಹೈಸ್ಕೂಲು; ಈ ವರ್ಷ ಕೇಕು ಬೇಡ, ಗೆಳತಿಯರು ನಗುತ್ತಾರೆ ಎಂದು ಬರೆದಿದ್ದಳಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ, ದಣಿವಿತ್ತು.

"ಮತ್ತೆ ಅಲ್ಲಿ ಹೋಗಿ ಏನು ಮಾಡ್ತೀರಿ?" ಎಂದೆ.

"ಏನಿಲ್ರಿ. ಅಕಿ ಸಾಲಿಂದ ಬರೋ ಹೊತ್ತಿಗೆ ಮನ್ಯಾಗ ಇರ್ತೀನಿ."

ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದರು. ಅವರ ವಿಳಾಸವನ್ನು ನಾನು ಬರೆದುಕೊಳ್ಳಲಿಲ್ಲ. ನನ್ನ ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಡುಕೋಣೆಯ ಅವರ ಮಂಚ ಖಾಲಿಯೇ ಇತ್ತು. ಒಂದು ಮಗು ಮಲಗುವಷ್ಟು ಜಾಗ ಅಲ್ಲಿ ಧಾರಾಳವಾಗಿತ್ತು.