ಗಂಬೂಟಿನ ಕನಿಷ್ಕ

ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರು ಬರೆದರೆ ನನ್ನ ಮೊಮ್ಮಗಳನ್ನು ಸಣ್ಣದು ಮಾಡಿ ಬರೆಯುತ್ತಾರೆ.

ಅವಳು ಆಗ ಆರನೇ ಇಯತ್ತೆ. ಅಂಕೋಲೆಯ ಅವಳ ಶಾಲೆಯಲ್ಲಿ ರಾಜರ ವೇಷ ಹಾಕಿ ಮಾತಾಡುವ ಸ್ಪರ್ಧೆ ಇಟ್ಟಿದ್ದರು. ಉಳಿದ ಮಕ್ಕಳು ಕಿರೀಟ ಇದ್ದ ರಾಜರನ್ನೆಲ್ಲ ಹಂಚಿಕೊಂಡರು. ಇವಳು ಕನಿಷ್ಕನನ್ನು ಹಿಡಿದಳು. ಯಾಕೆ ಮಗಾ ಎಂದರೆ ಪುಸ್ತಕ ತಂದು ತೋರಿಸಿದಳು. ಕಲ್ಲಿನ ಮೂರ್ತಿ, ತಲೆ ಮುರಿದು ಹೋಗಿದೆ.

"ತಲೆ ಇಲ್ದಿದ್ರೂ ಹೆಂಗೆ ನಿಂತಿದ್ದಾನೆ ನೋಡಜ್ಜಿ!"

ಹೌದು. ಕಾಲು ಅಗಲಿಸಿ ನಿಂತಿದ್ದ. ಉದ್ದನೆಯ ದಪ್ಪ ಕೋಟು, ದೊಡ್ಡ ದೊಡ್ಡ ಬೂಟು. ಚಳಿ ದೇಶದಿಂದ ಕುದುರೆ ಮೇಲೆ ಬಂದ ವಂಶವಂತೆ.

ಬೂಟಿಗೆ ನಮ್ಮ ಬೇಲೆಕೇರಿ ಬಂದರಿನಲ್ಲಿ ಬರವೇ? ಬೋಟಿಗೆ ಐಸು ತುಂಬುವಾಗ ನಮ್ಮ ಯಜಮಾನರು ಹಾಕುವ ಗಂಬೂಟು ತೊಳೆದೆ, ಬೆರಳಿನ ಕಡೆ ಹಳೇ ಸೀರೆ ತುರುಕಿದೆ. ಕಂಬಳಿ ಕತ್ತರಿಸಿ ಕೋಟು ಮಾಡಿದೆ. ಹೊಲಿಗೆ ನನಗೆ ಬರುವುದಿಲ್ಲ, ಬಲೆಯ ಗಂಟು ಬರುತ್ತದೆ. ಬಲೆ ನೂಲಿನಲ್ಲೇ ಗಂಟು ಹಾಕಿದೆ. ಆದರೆ ಅಂಚು ಮೇಲೆ ಮಡಚಿಕೊಳ್ಳುತ್ತಿತ್ತು. ಬೀಸುಬಲೆ ಮುಳುಗಲಿ ಎಂದು ಅಂಚಿಗೆ ಸೀಸದ ಗುಂಡು ಕಟ್ಟುತ್ತೇವಲ್ಲ, ಹಾಗೇ ಕೋಟಿನ ಸುತ್ತ ಕಟ್ಟಿದೆ. ಕಲ್ಲಲ್ಲಿ ಕೆತ್ತಿದ ಹಾಗೆ ನಿಂತಿತು!

ಸ್ಪರ್ಧೆಯ ದಿನ ಶಾಲೆಯಲ್ಲಿ ಸ್ಟೇಜಿನ ಮೆಟ್ಟಿಲ ಹತ್ತಿರ ಮಾಸ್ತರರು ಅಡ್ಡ ನಿಂತರು.

"ಇದೆಂಥದಮ್ಮ? ರಾಜ ಅಂದ್ರೆ ಕಿರೀಟ, ಪೀತಾಂಬರ ಬೇಡ್ವಾ? ಇದು ಬಂದರಿಗೆ ಹೋಗೋ ವೇಷ. ಬೂಟು ತೆಗೆಸಿ, ಇಲ್ಲಾಂದ್ರೆ ಮೇಲೆ ಬಿಡೂದಿಲ್ಲ."

ಹಿಂದಿನಿಂದ ಯಾರೋ, "ಕನಿಷ್ಕ ಬಂಗಡೆ ಹಿಡೀತಿದ್ನೇನ್ರೋ?" ಎಂದು ನಕ್ಕರು. ಮೊಮ್ಮಗಳು ಬಗ್ಗಿ ಬೂಟಿಗೆ ಕೈ ಹಾಕಿದಳು.

"ತೆಗೀಬೇಡ," ಎಂದೆ. ಅವಳ ಚೀಲದಿಂದ ಪುಸ್ತಕ ಎಳೆದು ಆ ಪುಟ ಮುಂದೆ ಹಿಡಿದೆ. "ಮಾಸ್ತರೇ, ನಂಗೆ ಅಕ್ಷರ ಸಮ ಬರೂದಿಲ್ಲ, ಚಿತ್ರ ಗೊತ್ತಾಗ್ತದೆ. ಇದ್ರಲ್ಲಿ ಕಿರೀಟ ಎಲ್ಲಿದೆ? ಇಡೂಕೆ ತಲೇನೇ ಇಲ್ಲ! ಬೂಟು ಇದ್ಯೋ ಇಲ್ವೋ, ನೀವೇ ಹೇಳಿ."

ಮಾಸ್ತರರು ಪುಸ್ತಕ ನೋಡಿದರು, ಬೂಟು ನೋಡಿದರು. ಮತ್ತೆ ಪುಸ್ತಕ ನೋಡಿದರು. ಕೊನೆಗೆ ಪಕ್ಕಕ್ಕೆ ಸರಿದರು.

ಧಡ್ ಧಡ್ ಎಂದು ಹತ್ತಿದಳು ನನ್ನ ಬಂಗಾರ. "ನಾನು ಕನಿಷ್ಕ. ಪುರುಷಪುರ ನನ್ನ ರಾಜಧಾನಿ. ನಾನು ಬುದ್ಧನ ಕಡೆಯವನು. ಆದರೂ ನನ್ನ ನಾಣ್ಯದ ಮೇಲೆ ಶಿವನಿಗೆ ಜಾಗ ಇದೆ, ಪಾರಸಿಕರ ದೇವರಿಗೂ ಜಾಗ ಇದೆ." ಅಷ್ಟೇ ಅವಳು ಬಾಯಿಪಾಠ ಮಾಡಿದ್ದು. ಆಮೇಲೆ ಮಾಸ್ತರರ ಕಡೆ ತಿರುಗಿ, "ನಾನು ಯಾರನ್ನೂ ಬಾಗಿಲಲ್ಲಿ ತಡೆಯಲಿಲ್ಲ," ಎಂದಳು.

ಮೀನು ಪೇಟೆಯ ದನಿಯಲ್ಲಿ "ಶಾಬಾಸ್!" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿದರು. ತಿರುಗಲಿ!

ಬಹುಮಾನ ಕಿರೀಟದವನೊಬ್ಬನಿಗೆ ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಬೂಟು ಬಿಚ್ಚು ಎಂದರೂ ಅವಳು ಕೇಳಲಿಲ್ಲ.

"ಯಾರಜ್ಜಿ ಇವ್ರು?" ಎಂದ ಕಂಡಕ್ಟರ್.

"ಚಕ್ರವರ್ತಿ. ಅರ್ಧ ಟಿಕೀಟು ಕೊಡು."