ಲೇಡೀಸ್ ಡಬ್ಬಾದ ಸಾಲು

ನಾನು ಶಾಲೆಗೆ ಹೋದದ್ದು ಕಮ್ಮಿ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ಈಗೀಗ. ನನ್ನ ಗಂಡ ಕವಿ. ಮುಂಬೈ ಹತ್ತಿರದ ಈ ಡೊಂಬಿವಲಿಯ ಕನ್ನಡದವರಿಗೆಲ್ಲ ಅದು ಗೊತ್ತು.

ಇವರು ಕವಿತೆ ಕಟ್ಟುತ್ತಿದ್ದ ಕ್ರಮ ಬೇರೆ. ಆಫೀಸಿನಿಂದ ಬರುವ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಪೆನ್ನು ತೆಗೆಯಲು ಕೈಯಾಡುವುದಿಲ್ಲ. ಸಾಲುಗಳನ್ನು ಬಾಯಲ್ಲೇ ಹಿಡಿದುಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ ನನಗೆ ಒಪ್ಪಿಸುತ್ತಿದ್ದರು. ನಾನು ಕೈಯ ಕೆಲಸ ಬಿಡದೆ ತಿರುಗಿ ಹೇಳಬೇಕು. ನನ್ನ ನಾಲಿಗೆ ಎಲ್ಲಿ ತಡವರಿಸಿತೋ ಆ ಶಬ್ದ ಹೋಯಿತು. ಬೇರೆ ಹಾಕುತ್ತಿದ್ದರು, ಇಲ್ಲವೇ ನಾನೇ ಹಾಕುತ್ತಿದ್ದೆ. ಕಾಗದಕ್ಕೆ ಇಳಿಯುವುದು ರಜೆಯ ದಿನ. ಅಲ್ಲಿಯವರೆಗೆ ಕವಿತೆ ಇರುತ್ತಿದ್ದದ್ದು ನನ್ನ ತಲೆಯಲ್ಲಿ.

ನಾನೂ ಆಗ ಥಾಣೆಯ ಒಬ್ಬ ಕ್ಯಾಟರಿಂಗಿನವರಲ್ಲಿ ಚಪಾತಿ ಲಟ್ಟಿಸಲು ಲೋಕಲಿನ ಹೆಂಗಸರ ಬೋಗಿಯಲ್ಲಿ ಹೋಗುತ್ತಿದ್ದೆ, ಇಲ್ಲಿ ಅದಕ್ಕೆ ಲೇಡೀಸ್ ಡಬ್ಬಾ ಅನ್ನುತ್ತಾರೆ. ಒಮ್ಮೆ ಇವರು ಲೇಡೀಸ್ ಡಬ್ಬಾದ ಮೇಲೆ ಕವಿತೆ ಕಟ್ಟಿದರು, ಸಂಜೆಯ ಡಬ್ಬಾದಲ್ಲಿ ದಣಿವಿನ ಹೂ ಅರಳಿದೆ ಎಂದೇನೋ. ತಿರುಗಿ ಹೇಳಲು ನನಗೆ ನಾಚಿಕೆಯಾಯಿತು.

"ಹೂವು ಎಂತ ಇಲ್ಲ ಅಲ್ಲಿ," ಎಂದೆ. "ಹೆಂಗಸರು ಮಡಿಲಲ್ಲಿ ಮೆಂತೆ ಸೊಪ್ಪು ಬಿಡಿಸ್ತಾ ಕೂತಿರ್ತಾರೆ. ಮನೆ ಬರುವ ಮೊದಲೇ ಅಡುಗೆ ಶುರು."

ಇವರು ಹೂವನ್ನು ತೆಗೆದರು. ನನ್ನ ಆ ಕೊನೆಯ ಮಾತನ್ನು ಹಾಗೆಯೇ ಕವಿತೆಯೊಳಗೆ ಇಟ್ಟರು. ಎಲ್ಲರೂ ಹೊಗಳಿದ್ದು ಆ ಸಾಲನ್ನೇ.

ಥಾಣೆಯಲ್ಲಿ ಇವರಿಗೆ ಸನ್ಮಾನವಾಯಿತು. ಜೋಡಿಯಾಗಿ ಕೂರಿಸುವುದು ಪದ್ಧತಿ. ಇವರಿಗೆ ಶಾಲು, ಪೇಟ. ನನಗೆ ಕುಂಕುಮ, ತೆಂಗಿನಕಾಯಿ, ರವಿಕೆ ಕಣ. ಭಾಷಣ ಮಾಡಿದವನು, ನಾನು ಸದ್ದಿಲ್ಲದೆ ಚಹಾ ಇಟ್ಟುಹೋಗುವ ಗೃಹಿಣಿ ಎಂದು ಹೊಗಳಿದ. ಆ ಮನುಷ್ಯ ನಮ್ಮ ಮನೆಗೆ ಬಂದವನೇ ಅಲ್ಲ. ಇವರು ತಿದ್ದುತ್ತಾರೆ ಎಂದು ಕಾದೆ. ಇವಳೂ ಕಟ್ಟಿದ್ದಾಳೆ ಎಂಬ ಒಂದು ಮಾತು ಸಾಕಿತ್ತು ನನಗೆ.

ಇವರು ಎದ್ದು ಆ ಡಬ್ಬಾದ ಕವಿತೆಯನ್ನೇ ಬಾಯಿಪಾಠ ಹೇಳತೊಡಗಿದರು. ಸರಿಯಾಗಿ ನನ್ನ ಆ ಸಾಲಿನ ಹತ್ತಿರ ಬಂದು ಮರೆತರು. ಮುಂದಿದ್ದವರು ಮೊಬೈಲು ಎತ್ತಿ ಹಿಡಿದೇ ಇದ್ದರು. ಇವರು ನನ್ನ ಕಡೆ ನೋಡಿದರು. ಕೂತಲ್ಲಿಂದಲೇ ಹೇಳಿಕೊಟ್ಟೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ಇವರೂ ನಕ್ಕು ಮೈಕಿನಲ್ಲಿ ಹೇಳಿದರು, "ಕೇಳಿ ಕೇಳಿ, ಪಾಪ, ಇವಳಿಗೂ ಬಾಯಿಪಾಠ ಆಗಿದೆ."

ಡೊಂಬಿವಲಿಯಲ್ಲಿ ಇಳಿದ ಮೇಲೆ ಕೇಳಿದೆ, ಆ ಸಾಲು ಯಾರದ್ದು ಎಂದು.

"ನಿನ್ನದು ನನ್ನದು ಅಂತ ಉಂಟಾ ಮಾರಾಯ್ತಿ, ನಮ್ಮಲ್ಲಿ?"

"ಹಾಗಾದ್ರೆ ಈ ರವಿಕೆ ಕಣ ನೀವೇ ಹೊಲಿಸಿಕೊಳ್ಳಿ."

ತಮಾಷೆ ಎಂದುಕೊಂಡರು. ಮರುದಿನ ಸಂಜೆ ಎಂದಿನಂತೆ ಬಾಗಿಲಲ್ಲೇ ನಿಂತು ಹೊಸ ಸಾಲುಗಳನ್ನು ಒಪ್ಪಿಸಿದರು. ನಾನು ಮಿಕ್ಸರ್ ಹಾಕಿದೆ. ಅದು ನಿಲ್ಲುವವರೆಗೆ ಕಾದು ಇನ್ನೊಮ್ಮೆ ಹೇಳಿದರು.

"ಕೇಳಿತಾ?"

"ಕೇಳಿತು."

"ಹೇಳು ಮತ್ತೆ."

"ಬರೆದಿಟ್ಟುಕೊಳ್ಳಿ," ಎಂದೆ.

ಕಾಗದ ಹುಡುಕಲು ಒಳಗೆ ಹೋದರು. ಪೆನ್ನು ಸಿಗುವಷ್ಟರಲ್ಲಿ ಅರ್ಧ ಮರೆತುಹೋಗಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಮುಖ ನೋಡುತ್ತ ನಿಂತರು. ನನಗೆ ಪೂರ್ತಿ ನೆನಪಿತ್ತು. ಗ್ಯಾಸಿನ ಮೇಲೆ ಹಾಲಿತ್ತು, ಅದನ್ನು ನೋಡಿಕೊಂಡೆ.