ಪ್ಲಾಸ್ಟಿಕ್ ಚಿಮಟ

ನಮ್ಮ ಪಿಎಚ್‌ಡಿ ಗೈಡಿಗೆ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಟೀಲ್ ಚಿಮಟ ಸಿಕ್ಕಿಸಿಕೊಂಡು ತಿರುಗುವ ಚಟ. ಕಾಂತಗುಣ ಅಳೆಯುವ ಲ್ಯಾಬಿಗೆ ಅದನ್ನು ತರುವುದೆಂದರೆ ದೇವರ ಕೋಣೆಗೆ ಬಂಗುಡೆ ಮೀನು ಒಯ್ದಂತೆ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನಾನು ಬೆಳೆಸುತ್ತಿದ್ದದ್ದು ಬಿಸ್ಮತ್ ಮತ್ತು ಕಬ್ಬಿಣದ ಆಕ್ಸೈಡಿನ ತೆಳುಪದರ, ನಮ್ಮ ಮಾತಿನಲ್ಲಿ ಫಿಲ್ಮ್. ಈ ವಸ್ತುವಿನಲ್ಲಿ ವಿದ್ಯುತ್ ಗುಣವೂ ಕಾಂತಗುಣವೂ ಒಟ್ಟಿಗೇ ಇರುತ್ತವೆ. ಗಟ್ಟಿ ತುಂಡಿನಲ್ಲಾದರೆ ಅದರ ಪರಮಾಣು ಕಾಂತಗಳು ಅಕ್ಕಪಕ್ಕ ವಿರುದ್ಧ ದಿಕ್ಕಿಗೆ ಮುಖಮಾಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಬೇರೊಂದು ಹರಳಿನ ಮೇಲೆ ತೆಳ್ಳಗೆ ಬೆಳೆಸಿದರೆ, ಆ ಹರಳಿನ ಅಳತೆಗೆ ಹೊಂದಿಕೊಳ್ಳಲು ಪದರ ಹಿಂಡಿಕೊಳ್ಳುತ್ತದೆ. ಆ ಒತ್ತಡಕ್ಕೆ ಕಾಂತಗಳು ಚೂರೇ ಚೂರು ವಾಲಿ, ಸ್ವಲ್ಪ ಕಾಂತಗುಣ ಉಳಿಯುತ್ತದೆ. ಆ ಸ್ವಲ್ಪವನ್ನು ತೋರಿಸಿದರೆ ನನ್ನ ಪಿಎಚ್‌ಡಿ ಅವಧಿ ಮುಂದುವರಿಯುತ್ತಿತ್ತು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕಿತ್ತು.

ಸ್ವಲ್ಪವಲ್ಲ, ರಾಶಿ ಬಂತು. ಗೈಡ್ ಕುಣಿದಾಡಿದರು. ಕದ್ರಿಯ ತಮ್ಮ ಮನೆಗೆ ಎಲ್ಲರನ್ನೂ ಕರೆದು ನೀರುದೋಸೆ, ಕೋಳಿಸಾರು ಬಡಿಸಿದರು. ಒಂದು ಸಮ್ಮೇಳನದಲ್ಲಿ ಸಾರಿಯೂ ಬಂದರು. ನನಗೆ ಮಾತ್ರ ಊಟ ಸೇರಲಿಲ್ಲ. ಅಳತೆಗೆ ಮುಂಚೆ, ಲ್ಯಾಬ್ ನೋಡಲು ಬಂದ ಅತಿಥಿಗಳಿಗೆ ತೋರಿಸಲೆಂದು, ಅವರು ಜೇಬಿನ ಚಿಮಟದಲ್ಲಿ ಫಿಲ್ಮಿನ ಅಂಚು ಹಿಡಿದೆತ್ತಿದ್ದನ್ನು ನಾನು ನೋಡಿದ್ದೆ. ಕಬ್ಬಿಣದ ಒಂದು ಕಣ ಅಂಟಿದರೂ ಸಾಕು, ಯಂತ್ರ ಅದನ್ನೇ ಅಳೆಯುತ್ತದೆ. ಪ್ಲಾಸ್ಟಿಕ್ ಚಿಮಟ ತರಿಸಿ, ಅಂಚನ್ನು ಆಮ್ಲದಲ್ಲಿ ತೊಳೆದು ಮತ್ತೆ ಅಳೆದೆ. ರಾಶಿ ಮಾಯ. ಉಳಿದದ್ದು ಚೂರು, ನಿಜವಾದದ್ದು ಅದೊಂದೇ.

ಪಿಎಚ್‌ಡಿ ಕೆಲಸ ಪರಿಶೀಲಿಸುವ ಸಮಿತಿಯೆದುರು ಇದನ್ನೇ ಹೇಳಿದೆ. ಗೈಡ್ ನಕ್ಕರು. "ಎಂತ ಮಾರಾಯ್ತಿ, ಸ್ಟೀಲ್ ಚಿಮಟದಲ್ಲಿ ಮುಟ್ಟಿದ್ದು ನೀನು. ಈಗ ನನ್ನ ತಲೆಗೆ ಕಟ್ತೀಯಾ?"

ದಿನಾ ಉರ್ವದಿಂದ ತನ್ನ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದ ಗೆಳತಿ, ನಮ್ಮದೇ ಲ್ಯಾಬಿನವಳು, ಅತಿಥಿಗಳು ಬಂದ ದಿನ ನನ್ನ ಪಕ್ಕದಲ್ಲೇ ನಿಂತಿದ್ದಳು. "ಇವಳನ್ನು ಕೇಳಿ," ಎಂದೆ.

"ನಾನು ಎಂತದೂ ನೋಡ್ಲಿಲ್ಲ ಸರ್," ಎಂದಳು, ನೆಲ ನೋಡುತ್ತಾ.

ಆ ಕೋಣೆಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ವಾಲಲು ದೊಡ್ಡ ಒತ್ತಡವೇನೂ ಬೇಕಾಗಲಿಲ್ಲ. ತಪ್ಪು ನನ್ನದೆಂದಾಗಿ ನನ್ನ ಅವಧಿ ಮುಗಿಯಿತು, ಫಿಲ್ಮ್ ಗೆಳತಿಯ ಪಾಲಾಯಿತು.

ಬೀಳ್ಕೊಡುಗೆಯ ದಿನ ಗೈಡ್ ಬಣ್ಣದ ಕಾಗದದ ಪೊಟ್ಟಣವೊಂದನ್ನು ಕೊಟ್ಟರು. ಬಿಚ್ಚಿದರೆ ನಾನೇ ತರಿಸಿದ್ದ ಪ್ಲಾಸ್ಟಿಕ್ ಚಿಮಟ. "ಮನೆಯಲ್ಲಿ ಮೀನಿನ ಮುಳ್ಳು ತೆಗೀಲಿಕ್ಕೆ ಆಗ್ತದೆ," ಎಂದರು. ಎಲ್ಲರೂ ನಕ್ಕರು, ಗೆಳತಿ ಎಲ್ಲರಿಗಿಂತ ಜೋರಾಗಿ. ನಾನೂ ನಕ್ಕೆ.

ವಾರ ಕಳೆಯುವುದರೊಳಗೆ ಅವಳ ಫೋನ್. ನಾನು ಅಡುಗೆಮನೆಯಲ್ಲಿದ್ದೆ.

"ಹೇ, ಆ ಚಿಮಟ ಉಂಟಾ? ಸಮಿತಿಯವರಿಗೆ ಆ ಅಳತೆ ಮೇಲೆ ಸಂಶಯ ಬಂದಿದೆ, ನಾಳೆ ಅವರ ಎದುರೇ ಅಳೀಬೇಕಂತೆ. ಲ್ಯಾಬಲ್ಲಿ ಬೇರೆ ಇಲ್ಲ ಮಾರಾಯ್ತಿ. ಇದು ಹಾಳಾದ್ರೆ ನನ್ನದೂ ಮುಗೀತು." ಅಳು ಬರುವ ಸ್ವರ.

"ನೋಡ್ತೇನೆ, ಒಂದು ನಿಮಿಷ," ಎಂದು ಗ್ಯಾಸ್ ಹಚ್ಚಿ, ಚಿಮಟವನ್ನು ಉರಿಗೆ ಹಿಡಿದೆ. ಚಿಮಟದ ತುದಿ ಬಾಗಿ, ಕರಗಿ, ಬರ್ನರಿನ ಮೇಲೆ ಹನಿಹನಿಯಾಗಿ ಬಿತ್ತು. ಅಡುಗೆಮನೆ ತುಂಬ ಕಮಟು ವಾಸನೆ. ಆ ಲ್ಯಾಬಿನಲ್ಲಿ ಕಳೆದ ಯಾವ ದಿನವೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

"ಸಿಕ್ಕಿತಾ?" ಎಂದಳು.

"ಇಲ್ಲ," ಎಂದೆ. "ಸರ್ ಜೇಬಲ್ಲಿ ಒಂದು ಉಂಟಲ್ಲ, ಅದನ್ನೇ ಕೇಳು."